ಮೊಗವರಿಯದ ಮೆದುಳು

ಸಂತೆಯ ಜನಸಂದಣಿಯಲ್ಲಿಯೂ ಪರಿಚಿತರ ಮುಖ ಕಂಡೊಡನೆ ನಾವು ಅವರನ್ನು ಗುರುತಿಸುತ್ತೇವೆ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ: ಎಲ್ಲ ಮುಖಗಳ ಸಾಮಗ್ರಿಯೂ ಒಂದೇ. ಅವುಗಳ ಆಕಾರದಲ್ಲಿ, ನಡುವಣ ಅಂತರದಲ್ಲಿ ಇರುವ ವ್ಯತ್ಯಾಸ ಅತ್ಯಲ್ಪ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಮೆದುಳು ಕ್ಷಣಾರ್ಧದಲ್ಲಿ ಮುಗಿಸುವುದು ಸೋಜಿಗವಲ್ಲವೆ?

ದೃಷ್ಟಿಯು ಉಳಿದಿದ್ದರೂ ಈ ಶಕ್ತಿಯೊಂದೇ ನಷ್ಟವಾಗಬಲ್ಲುದು. ತಲೆಗೆ ಗಾಯವಾದ ಸೈನಿಕರಲ್ಲಿ ಈ ದೋಷವನ್ನು ಕಂಡ ಜರ್ಮನಿಯ ವೈದ್ಯ ಬೋಡಾಮರನು ೧೯೪೭ರಲ್ಲಿ ಅದಕ್ಕೆ ‘ಪ್ರೊಸೊಪಾಗ್ನೋಸಿಯ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮುಖವನ್ನು ಅರಿಯದಿರುವುದು ಎಂದು. ಮೆದುಳಿನ ತಳಭಾಗದಲ್ಲಿ ಕದಿರಿನ ಆಕಾರದ ಮಡಿಕೆಯೊಂದಿದೆ. ಅದರ ಒಂದು ಭಾಗವು ಇತರ ವಸ್ತುಗಳಿಗಿಂತ ಮುಖಗಳನ್ನು ನೋಡುವಾಗ ಹೆಚ್ಚು ಚುರುಕಾಗುವುದೆಂದು ಅಮೆರಿಕದ ನ್ಯಾನ್ಸಿ ಕಾನ್‌ವಿಷರ್ ಮತ್ತು ಅವರ ಸಂಗಡಿಗರು ೧೯೯೭ರಲ್ಲಿ ತೋರಿಸಿದರು.

ಈ ಭಾಗಕ್ಕೆ ಹುಟ್ಟಿದೊಡನೆಯೇ ಪೆಟ್ಟು ಬಿದ್ದರೆ ಏನಾಗುವುದು? ಎಳೆಯ ಮೆದುಳು ಹಸಿಮಣ್ಣಿನಂತೆ, ಬೇಕಾದಂತೆ ಬಾಗುವುದೆಂಬ ನಂಬಿಕೆಗೆ ಆಧಾರವಿಲ್ಲದಿಲ್ಲ. ಮಾತಿನ ಕಾರ್ಯವು ಹೆಚ್ಚಿನವರಲ್ಲಿ ಎಡ ಪಾರ್ಶ್ವದ್ದು. ಆದರೂ ಜನನಕಾಲದಲ್ಲಿ ಆ ಪಾರ್ಶ್ವಕ್ಕೆ ಆಘಾತವಾದ ಮಕ್ಕಳಲ್ಲಿ ಅನೇಕರು ಬಹುಮಟ್ಟಿಗೆ ಎಲ್ಲರಂತೆಯೇ ಮಾತು ಕಲಿಯುತ್ತಾರೆ. ಬಲ ಪಾರ್ಶ್ವವು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಮುಖದ ವಿಷಯ ಹಾಗಲ್ಲವೆಂದು ಒಬ್ಬ ಬಾಲಕನ ಸ್ಥಿತಿ ಸೂಚಿಸಿತು. ಅಮೆರಿಕದ ಮಾರ್ತಾ ಫರಾ ಮೊದಲಾದವರು ಅವನ ವೃತ್ತಾಂತವನ್ನು ೨೦೦೦ದಲ್ಲಿ ಪ್ರಕಟಿಸಿದರು. ಹುಟ್ಟಿ ಒಂದೇ ದಿನವಾಗಿದ್ದಾಗ ಅವನ ಮೆದುಳಿನ ಪೊರೆಗೆ ಸೋಂಕು ತಗಲಿ, ಮೆದುಳಿನ ಹಿಂಬದಿಯೂ ಅದಕ್ಕೆ ಹೊಂದಿದ ಕೆಳಭಾಗವೂ ಎರಡು ಪಾರ್ಶ್ವಗಳಲ್ಲಿ ಹಾನಿಗೊಂಡಿದ್ದುವು. ಹದಿನಾರನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಅವನು ಸಾಮಾನ್ಯ ವಸ್ತುಗಳ ಚಿತ್ರಗಳನ್ನು ಬಹುಪಾಲು ಸರಿಯಾಗಿ ಹೆಸರಿಸಿದನು. ಮುಖಗಳು ಮಾತ್ರ ಅವನಿಗೆ ಅಪರಿಚಿತವಾಗಿಯೇ ಉಳಿದಿದ್ದುವು. ಒಂದೂವರೆ ವರ್ಷದಿಂದ ದಿನವೂ ಒಂದು ಗಂಟೆ ನೋಡುತ್ತಿದ್ದ ದೂರದರ್ಶನ ನಾಟಕಮಾಲೆಯ ನಟನಟಿಯರ ಭಾವಚಿತ್ರಗಳಲ್ಲಿ ಒಂದನ್ನೂ ಅವನು ಗುರುತಿಸಲಿಲ್ಲ! ಹದಿನಾರು ವರ್ಷಗಳ ಅವಕಾಶವಿದ್ದರೂ ಮೆದುಳಿನ ಬೇರಾವ ಭಾಗವೂ ಈ ಕೆಲಸವನ್ನು ಕೈಗೊಳ್ಳಲಿಲ್ಲ. ಮಗುವು ಲೋಕವನ್ನು ಕಣ್ತುಂಬ ನೋಡುವ ಮೊದಲೇ ಮುಖಕ್ಕೆಂದು ಸ್ಥಳ ಗೊತ್ತಾಗಿರಬೇಕೆಂದು ಸಂಶೋಧಕರು ತರ್ಕಿಸಿದರು.

ಒಂದೇ ಪ್ರಯೋಗದಿಂದ ನಿಯಮ ಕಟ್ಟಲು ಭೌತವಿಜ್ಞಾನಿಯು ಹಿಂಜರಿಯುವನಷ್ಟೆ. ಇಲ್ಲಿಯೂ ಆ ಎಚ್ಚರ ಸಲ್ಲುತ್ತದೆ. ಸ್ಥಳವೊಂದಿದ್ದರೆ ಸಾಲದು, ಅದಕ್ಕೆ ಸಕಾಲದಲ್ಲಿ ಬೆಳಕಿನ ಅನುಭವವೂ ಬೇಕು. ಹುಟ್ಟಿನಿಂದ ಎರಡು ಕಣ್ಣುಗಳಲ್ಲಿಯೂ ಪೊರೆಯಿದ್ದು ಮೊದಲ ಕೆಲವು ತಿಂಗಳು ಏನನ್ನೂ ಸ್ಪಷ್ಟವಾಗಿ ಕಾಣದಿದ್ದ ಮಕ್ಕಳನ್ನು ಕೆನಡದ ಡಾಫ್ನಿ ಮೌರರ್ ಮತ್ತು ಜೊತೆಗಾರರು ಪರೀಕ್ಷಿಸಿ, ಫಲಿತಾಂಶವನ್ನು ೨೦೦೧ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದರೂ, ಕಣ್ಣು ಬಾಯಿಗಳ ಆಕಾರಭೇದವನ್ನು ತಿಳಿಯುತ್ತಿದ್ದ ಅವರು ಅವುಗಳ ನಡುವಣ ಅಂತರದ ಭೇದವನ್ನು ತಿಳಿಯುವುದರಲ್ಲಿ ಹಿಂದೆ ಬಿದ್ದರು.

ಮೊಗವರಿಯದ ಮಗುವು ಧ್ವನಿ, ನಡಿಗೆ, ಕೂದಲು, ಉಡುಪುಗಳ ನೆರವಿನಿಂದ ಜನರನ್ನು ಗುರುತಿಸಲು ಕಲಿಯುತ್ತದೆ. ಗೆಳೆಯನು ಕ್ಷೌರ ಮಾಡಿಸಿಕೊಂಡು ಹೊಸ ಅಂಗಿ ತೊಟ್ಟು ಬಂದ ದಿನ ಅವನು ಅದಕ್ಕೆ ಹೊಸಬನೇ. ಅವನು ಬಾಯಿಬಿಟ್ಟು ಮಾತನಾಡಿದಾಗಲೇ ಅದಕ್ಕೆ ಗುರುತು ಹತ್ತುವುದು.