ಒಂದು ಚುಕ್ಕೆ ಬಿಟ್ಟುಹೋದ ರಾತ್ರಿ

“ಸರ್ವರ್ ಇಲ್ಲ, ನಾಳೆ ಬನ್ನಿ!”

ಬ್ಯಾಂಕಿನ ಕೌಂಟರಿನ ಮುಂದಾಗಲಿ, ಪಡಿತರದ ಅಂಗಡಿಯಲ್ಲಾಗಲಿ, ನೋಂದಣಿ ಕಚೇರಿಯ ಮೊಗಸಾಲೆಯಲ್ಲಾಗಲಿ ಈ ಮಾತನ್ನು ಕೇಳದ ಕನ್ನಡಿಗರು ವಿರಳ. ಹಿಂದೊಂದು ಕಾಲಕ್ಕೆ ಸರ್ವರ್ ಎಂದರೆ ಹೋಟೆಲಿನಲ್ಲಿ ಇಡ್ಲಿ ಕಾಫಿಗಳನ್ನು ತಂದಿಡುವ ಮನುಷ್ಯ. ಅವನು ಕಾಣದಿದ್ದರೆ ಕೂಗಿ ಕರೆಯಬಹುದಾಗಿದ್ದಿತು. ಇಂದಿನ ಸರ್ವರ್ ಬೀಗ ಹಾಕಿದ ಒಳಕೋಣೆಯಲ್ಲಿ, ತಂಪುಗಾಳಿಯ ಉಪಚಾರ ಪಡೆಯುತ್ತ, ಸದಾ ಗುಂಯ್‌ಗುಡುತ್ತ ಕುಳಿತಿರುವ ಒಂದು ಪೆಟ್ಟಿಗೆ. ಕೂಗಿದರೆ ಅದು ಓಗೊಡುವುದಿಲ್ಲ.

ಆದರೆ ಸೋಜಿಗವೇನೆಂದರೆ, “ಇಲ್ಲ”ವೆನಿಸಿಕೊಂಡ ಈ ಪೆಟ್ಟಿಗೆ ಅನೇಕ ಸಲ ಆರೋಗ್ಯವಾಗಿಯೇ ಇರುತ್ತದೆ. ತಂತಿಯೂ ತುಂಡಾಗಿರುವುದಿಲ್ಲ. ಕೆಟ್ಟಿರುವುದು ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ ಏರ್ಪಾಡು ಮಾತ್ರ.

ಕಂಪ್ಯೂಟರುಗಳು ಪರಸ್ಪರ ಗುರುತಿಸುವುದು ಅಂಕಿಗಳಿಂದ. 192.168.1.10 ಎಂಬಂತಹ ನಾಲ್ಕು ತುಂಡಿನ ಸಂಖ್ಯೆಯೇ ಅವುಗಳ ಮನೆಯ ನಂಬರು. ಮನುಷ್ಯನಿಗಾದರೋ ಅಂಕಿ ನೆನಪಿರುವುದಿಲ್ಲ, ಹೆಸರು ಬೇಕು. ಹೆಸರನ್ನು ಕೊಟ್ಟರೆ ಸಂಖ್ಯೆಯನ್ನು ತೆಗೆದುಕೊಡುವ ಗುಮಾಸ್ತನೊಬ್ಬ ಇರಲೇಬೇಕಾಯಿತು. ಅವನೇ ಡಿ.ಎನ್.ಎಸ್. ಕಚೇರಿಯ ಸರ್ವರಿನಲ್ಲಿ ಇಂತಹ ಸೇವಕರು ಹಲವರಿದ್ದಾರೆ. ಬೆಳಗ್ಗೆ ಯಂತ್ರಗಳು ಕಣ್ಣು ತೆರೆದೊಡನೆ ಒಂದೊಂದಕ್ಕೂ ನಂಬರು ಹಂಚುವ ಡಿ.ಎಚ್.ಸಿ.ಪಿ. ಒಬ್ಬ, ಟಪಾಲು ಸಾಗಿಸುವವನೊಬ್ಬ, ಗಡಿಯಾರಗಳನ್ನು ಸರಿಹೊಂದಿಸುವವನು ಮತ್ತೊಬ್ಬ. ಡಿ.ಎನ್.ಎಸ್. ಮಲಗಿದನೆಂದರೆ ಉಳಿದವರಲ್ಲಿ ಬಹುಮಂದಿಗೆ ಕೈಕಾಲು ಆಡುವುದಿಲ್ಲ.

ಮೊದಲಿಗೆ ಈ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದುವು. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದ ಯಂತ್ರಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಲಿಜಬೆತ್ ಫೈನ್‌ಲರ್ ಎಂಬಾಕೆಯ ತಂಡ ನೋಡಿಕೊಳ್ಳುತ್ತಿದ್ದಿತು. ಹೊಸ ಯಂತ್ರ ಬಂದರೆ ಅಲ್ಲಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಬೇಕು. ಉಳಿದವರೆಲ್ಲ ಅದರ ನಕಲನ್ನು ತರಿಸಿಕೊಳ್ಳಬೇಕು. ಸಂಸಾರ ಚಿಕ್ಕದಿರುವವರೆಗೆ ಇದು ನಡೆಯಿತು, ಬೆಳೆದ ಮೇಲೆ ನಡೆಯಲಿಲ್ಲ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಒಂದು ಹೊಸ ಏರ್ಪಾಡನ್ನು ಮುಂದಿಟ್ಟರು. ಇಡೀ ಪಟ್ಟಿ ಒಬ್ಬರಲ್ಲಿರುವುದೇ ಬೇಡ. ಪ್ರತಿಯೊಬ್ಬರೂ ತಮ್ಮ ಪಾಲಿನ ಪುಸ್ತಕವನ್ನು ಇಟ್ಟುಕೊಳ್ಳಲಿ. ಕೇಳಿದವನಿಗೆ “ನನಗೆ ತಿಳಿಯದು, ಇಂತಹವರನ್ನು ಕೇಳು” ಎಂದು ದಾರಿ ತೋರಲಿ. ಮರುವರ್ಷವೇ ಬರ್ಕ್ಲಿ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳು ಇದಕ್ಕಾಗಿ ಬೈಂಡ್ ಎಂಬ ಕ್ರಮವಿಧಿಯನ್ನು ಬರೆದರು. ಅದರ ಸಂತತಿ ಇಂದಿಗೂ ಎಷ್ಟೋ ಕಚೇರಿಗಳಲ್ಲಿ ದುಡಿಯುತ್ತಿದೆ.

ಈ ಪುಸ್ತಕದಲ್ಲಿ ಹೆಸರು ಬರೆಯುವ ಪದ್ಧತಿಗೆ ಒಂದು ವಿಚಿತ್ರ ನಿಯಮವುಂಟು. ಹೆಸರು ಪೂರ್ಣವಾಗಿದ್ದರೆ ಕೊನೆಯಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆಯಿಲ್ಲದಿದ್ದರೆ ಹೆಸರು ಅರ್ಧವೇ ಇದೆಯೆಂದು ಯಂತ್ರ ತಿಳಿಯುತ್ತದೆ. ತನ್ನ ಮನೆತನದ ಹೆಸರನ್ನು ತಾನೇ ಜೋಡಿಸುತ್ತದೆ. ಕಾಗದದ ಮೇಲೆ ಬೀದಿಯ ಹೆಸರಷ್ಟೇ ಇದ್ದರೆ ಧಾರವಾಡದ ಅಂಚೆಯವನು “ಧಾರವಾಡ”ವೆಂದು ಸೇರಿಸಿಕೊಳ್ಳುವುದು ಉಪಕಾರವೇ ಸರಿ. ಮೈಸೂರಿನ ವಿಳಾಸವನ್ನು ಪೂರ್ತಿ ಬರೆದಿದ್ದರೂ ಅದರ ಬಾಲಕ್ಕೆ “ಧಾರವಾಡ” ಅಂಟಿಸಿದರೆ ಕಾಗದದ ಗತಿಯೇನು?

2009ರ ಅಕ್ಟೋಬರ್ 12ರ ರಾತ್ರಿ ಸ್ವೀಡನ್ನಿನಲ್ಲಿ ಆದುದು ಇದೇ. ಆ ದೇಶದ ಅನೇಕ ಜಾಲತಾಣಗಳ ಹೆಸರುಗಳು ಎಸ್.ಇ. ಎಂದು ಮುಗಿಯುತ್ತವೆ. ನಿಗದಿಯಾದ ದುರಸ್ತಿಯ ಕಾಲದಲ್ಲಿ, ಪುಸ್ತಕವನ್ನು ತಾನಾಗಿ ಬರೆಯುವ ಪುಟ್ಟ ಕ್ರಮವಿಧಿಯೊಂದು ಹೆಸರುಗಳ ಕೊನೆಯ ಚುಕ್ಕೆಯನ್ನು ಬಿಟ್ಟಿತು. ಸರ್ವರುಗಳ ಪೂರ್ಣ ಹೆಸರಿನ ಮುಂದೆಯೂ ಇನ್ನೊಂದು “ಎಸ್.ಇ.” ಬಂದು ಕುಳಿತಿತು. ಸುಮಾರು 9 ಲಕ್ಷ ಹೆಸರುಗಳಿಗೆ ಏಕಕಾಲದಲ್ಲಿ ವಿಳಾಸ ತಪ್ಪಿತು. ಪತ್ರಿಕೆ, ಅಂಗಡಿ, ಕಚೇರಿಗಳ ಯಂತ್ರಗಳೆಲ್ಲ ಚೆನ್ನಾಗಿಯೇ ಓಡುತ್ತಿದ್ದುವು. ಅವುಗಳ ಬಾಗಿಲಿಗೆ ಬರುವ ದಾರಿ ಮಾತ್ರ ಯಾರಿಗೂ ತಿಳಿಯದು!

ಸುಮಾರು ಒಂದು ಗಂಟೆಯೊಳಗೆ ಸರಿಯಾದ ಪುಸ್ತಕ ಸಿದ್ಧವಾಯಿತು. ಆದರೂ ಕಷ್ಟ ತೀರಲಿಲ್ಲ. ಒಮ್ಮೆ ಪಡೆದ ಉತ್ತರವನ್ನು ಪ್ರತಿಯೊಂದು ಸರ್ವರೂ ಕೆಲವು ಗಂಟೆ ನೆನಪಿಟ್ಟುಕೊಳ್ಳುತ್ತದೆ. “ಅಂತಹ ಹೆಸರಿಲ್ಲ” ಎಂಬ ಉತ್ತರವನ್ನೂ ಬಿಡದೆ ನೆನಪಿಡುತ್ತದೆ. ಆದುದರಿಂದ ತಪ್ಪು ಕಲಿತ ಸರ್ವರುಗಳು, ಯಾರಾದರೂ ಅವುಗಳ ನೆನಪನ್ನು ಅಳಿಸುವವರೆಗೆ ಅಥವಾ ಅವಧಿ ಮುಗಿಯುವವರೆಗೆ, ಆ ತಪ್ಪನ್ನೇ ಒಪ್ಪಿಸುತ್ತಿದ್ದುವು.

ಇಷ್ಟು ದೊಡ್ಡ ಅನಾಹುತ ಎಲ್ಲರ ಪಾಲಿಗೂ ಬರುವುದಿಲ್ಲ. ಆದರೆ ಅದರ ಮರಿಗಳು ಸಾಮಾನ್ಯ ಕಚೇರಿಗಳಲ್ಲಿ ಪ್ರತಿದಿನ ಹುಟ್ಟುತ್ತವೆ. ಬೆಳಗಿನ ಹತ್ತು ಗಂಟೆ. ಇಪ್ಪತ್ತು ಮಂದಿ ಒಟ್ಟಿಗೆ “ನೆಟ್ ಇಲ್ಲ” ಎನ್ನುತ್ತಾರೆ. ನುರಿತ ಮೇಲ್ವಿಚಾರಕ ಆಗ ಸರ್ವರನ್ನು ಆರಿಸಿ ಹೊತ್ತಿಸಲು ಓಡುವುದಿಲ್ಲ. (ಅನೇಕರು ಮಾಡುವುದು ಅದನ್ನೇ, ಕೆಲವೊಮ್ಮೆ ಸರಿಹೋಗುವುದೂ ಉಂಟು, ಏಕೆ ಕೆಟ್ಟಿತೆಂಬುದು ಮಾತ್ರ ಎಂದಿಗೂ ತಿಳಿಯುವುದಿಲ್ಲ.) ಅವನು ಮೊದಲು ತಂತಿಯನ್ನೂ ದೀಪವನ್ನೂ ನೋಡುತ್ತಾನೆ. ಬಳಿಕ ಪಿಂಗ್ ಎಂಬ ಆಜ್ಞೆಯಿಂದ ಸರ್ವರಿನ ಸಂಖ್ಯೆಯನ್ನು ಕರೆಯುತ್ತಾನೆ. 1983ರಲ್ಲಿ ಮೈಕ್ ಮೂಸ್ ಎಂಬವರು ಬರೆದ ಈ ಆಜ್ಞೆಗೆ ಜಲಾಂತರ್ಗಾಮಿಗಳನ್ನು ಹುಡುಕುವ ಯಂತ್ರದ ಸದ್ದೇ ಹೆಸರಾಯಿತು. ಸಂಖ್ಯೆ ಓಗೊಟ್ಟು, ಹೆಸರು ಮಾತ್ರ ಓಗೊಡದಿದ್ದರೆ ಅರ್ಧ ರೋಗ ಸಿಕ್ಕಿದಂತೆ. ತಂತಿಯ ಗೋಜು ಬಿಟ್ಟು ಹೆಸರಿನ ಪುಸ್ತಕಕ್ಕೆ ಬರಬಹುದು.

ಅಲ್ಲಿಂದ ಮುಂದೆ ಪತ್ತೇದಾರಿಯೇ. ಹೆಸರು ಕೇಳಲು ಯಾರ ಬಳಿ ಹೋಗಬೇಕೆಂದು ಗುಮಾಸ್ತರ ಯಂತ್ರಗಳಿಗೆ ಹೇಳಿಕೊಟ್ಟವರು ಯಾರು? ಸಾಮಾನ್ಯವಾಗಿ ಕಚೇರಿಯ ಡಿ.ಎಚ್.ಸಿ.ಪಿ. ಆದರೆ ಯಾರೋ ಒಬ್ಬರು ಮೊಬೈಲಿಗೆ ವೈಫೈ ಬೇಕೆಂದು ಮನೆಯ ಪುಟ್ಟ ರೂಟರನ್ನು ತಂದು ಮೇಜಿನ ಕೆಳಗೆ ಸಿಕ್ಕಿಸಿದ್ದರೆ, ಅದೂ ತಾನೇ ಯಜಮಾನನೆಂದು ನಂಬರು ಹಂಚತೊಡಗುತ್ತದೆ. ಅದರ ಮಾತು ಕೇಳಿದ ಯಂತ್ರಗಳು ದಾರಿ ತಪ್ಪುತ್ತವೆ, ಕೇಳದ ಯಂತ್ರಗಳು ನೆಟ್ಟಗಿರುತ್ತವೆ. ಒಂದೇ ಕೋಣೆಯಲ್ಲಿ ಒಬ್ಬರಿಗೆ ನೆಟ್ ಇದ್ದು ಪಕ್ಕದವರಿಗೆ ಇಲ್ಲವಾದರೆ ಮೇಜಿನ ಕೆಳಗೆ ಬಗ್ಗಿ ನೋಡುವುದು ಲೇಸು.

ಒಂದೇ ಯಂತ್ರ ಹಟ ಹಿಡಿದಿದ್ದರೆ ಅದರ ಹೋಸ್ಟ್ಸ್ ಕಡತವನ್ನು ತೆರೆಯಬೇಕು. ಮೆನ್ಲೋ ಪಾರ್ಕಿನ ಹಳೆಯ ಪಟ್ಟಿಯ ವಾರಸುದಾರನಾದ ಈ ಕಡತ ಇಂದಿಗೂ ಪ್ರತಿ ಕಂಪ್ಯೂಟರಿನ ಒಳಗೆ ಅಡಗಿದೆ. ಸಾಧಾರಣವಾಗಿ ಅದರ ಮಾತೇ ಮೊದಲು ನಡೆಯುತ್ತದೆ. ಎಂದೋ ಪರೀಕ್ಷೆಗೆಂದು ಬರೆದು ಮರೆತ ಒಂದು ಸಾಲು ವರ್ಷಗಳ ಬಳಿಕ ಕಾಡುವುದುಂಟು.

ಇನ್ನು ಕೆಲವು ಹೆಸರುಗಳು ಮಾತ್ರ ಸಿಕ್ಕಿ, ಕೆಲವು ಸಿಗದ ತೊಡಕು. ಹೆಸರಿನ ವಿಚಾರಣೆಗೆ 53 ಎಂಬ ಸಂಖ್ಯೆಯ ಬಾಗಿಲುಂಟು. ಅದಕ್ಕೆ ಎರಡು ಕದ. ಚಿಕ್ಕ ಉತ್ತರಗಳು ಯು.ಡಿ.ಪಿ. ಕದದಲ್ಲಿ ಬರುತ್ತವೆ, ಅದರಲ್ಲಿ ಹಿಡಿಸದಷ್ಟು ದೊಡ್ಡವು ಟಿ.ಸಿ.ಪಿ. ಕದದಲ್ಲಿ. ಕಾವಲುಗಾರನಾದ ಫೈರ್‌ವಾಲಿಗೆ ಮೊದಲನೆಯದನ್ನು ಮಾತ್ರ ತೆರೆಯಲು ಹೇಳಿದ್ದರೆ ಇಂತಹ ತೊಡಕು ತಪ್ಪದು. ಪುಸ್ತಕವನ್ನು ತಿದ್ದಿಯೂ ಅದರ ಕ್ರಮಸಂಖ್ಯೆಯನ್ನು ಹೆಚ್ಚಿಸದಿದ್ದರೆ, ಏನೂ ಬದಲಾಗಿಲ್ಲವೆಂದು ತಿಳಿದು ಎರಡನೆಯ ಸರ್ವರ್ ಹಳೆಯ ನಕಲನ್ನೇ ಓದುತ್ತದೆ. ಆಗ ಇಬ್ಬರು ಗುಮಾಸ್ತರು, ಎರಡು ಉತ್ತರ! ಡಿಗ್ ಎಂಬ ಆಜ್ಞೆಯಿಂದ ಇಬ್ಬರನ್ನೂ ಬೇರೆಬೇರೆಯಾಗಿ ಪ್ರಶ್ನಿಸಿದರೆ ಸುಳ್ಳು ಯಾರದೆಂಬುದು ಗೊತ್ತಾಗುತ್ತದೆ.

ಚುಕ್ಕೆಯ ವಿಷಯದಲ್ಲಿ ಇಂದು ಭಯ ಕಡಮೆ. ಪುಸ್ತಕವನ್ನು ಜಾರಿಗೆ ತರುವ ಮುನ್ನ ಓದಿ ತಪ್ಪು ತೋರಿಸುವ ಪರೀಕ್ಷಕನೊಬ್ಬ ಬೈಂಡಿನ ಜೊತೆಯಲ್ಲಿಯೇ ಬರುತ್ತಾನೆ. ಅವನನ್ನು ಕರೆಯುವ ತಾಳ್ಮೆ ಬೇಕು, ಅಷ್ಟೆ. ಸರ್ವರಿನ ವಿಳಾಸವನ್ನು ಬದಲಿಸಬೇಕಾದರೆ ಬಲ್ಲವರು ಒಂದೆರಡು ದಿನ ಮೊದಲೇ ನೆನಪಿನ ಅವಧಿಯನ್ನು ಗಂಟೆಗಳಿಂದ ನಿಮಿಷಗಳಿಗೆ ಇಳಿಸಿಡುತ್ತಾರೆ. ಹಾಗೆ ಮಾಡಿದರೆ ಶನಿವಾರ ಸಂಜೆ ತಪ್ಪೇ ಬರೆದರೂ ಐದೋ ಹತ್ತೋ ನಿಮಿಷಗಳಲ್ಲಿ ಲೋಕ ಅದನ್ನು ಮರೆಯುತ್ತದೆ. ಸೋಮವಾರ ಬೆಳಗ್ಗೆ ಕೌಂಟರಿನ ಮುಂದೆ ನಿಂತವರಿಗೆ ಆ ಸಂಗತಿ ತಿಳಿಯುವುದೇ ಇಲ್ಲ.