ಮಾಜಿ ಸೈನಿಕರ ಸೇವೆಗೆ ಮುಂದಾಳುಗಳ ತರಬೇತಿ

ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದಲ್ಲಿ ಜುಲೈ 26ರಂದು ಮಾಜಿ ಸೈನಿಕರು ಪುಷ್ಪನಮನ ಸಲ್ಲಿಸುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಅವರ ಸಂಘದ ಮುಂದಾಳುಗಳು ಸ್ವಯಂಸೇವಕರು. ಅವರಿಗೆ ಮೊದಲು ಬೇಕಾದ ತರಬೇತಿ ಕಾಗದಪತ್ರ ಓದುವುದು.

ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಲೀಲಾ, ಆಧಾರ್‌ನಲ್ಲಿ ಲೀಲಾವತಿ ಎಂದಿದ್ದರೆ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ತಡವಾಗಬಹುದು. ಆತ ಬದುಕಿರುವಾಗಲೇ ಸೇನೆಯ ರೆಕಾರ್ಡ್ಸ್ ಕಚೇರಿಗೆ ಬರೆದು ತಿದ್ದಿಸಬೇಕು. ಸೈನಿಕ ಕಲ್ಯಾಣ ಇಲಾಖೆ ಇದಕ್ಕೆ ನೆರವಾಗುತ್ತದೆ.

2021ರಲ್ಲಿ ಬಂದ 'ಸ್ಪರ್ಶ್' ಗಣಕ ವ್ಯವಸ್ಥೆಯಲ್ಲಿ ಪಿಂಚಣಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಆದರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡದಿದ್ದರೆ ನಿಂತುಹೋಗುತ್ತದೆ. ಎಂಬತ್ತು ದಾಟಿದ ವಿಧವೆಗೆ ಮೊಬೈಲಿನಲ್ಲಿ ಅದನ್ನು ಮಾಡುವುದು ಸುಲಭವೇ? ಮುಂದಾಳು ಆಕೆಯ ಮನೆಗೇ ಹೋಗಬೇಕು. ಓಟಿಪಿ ಕೇಳುವ ಮೋಸದ ಕರೆಗಳ ಬಗ್ಗೆಯೂ ಎಚ್ಚರಿಸಬೇಕು.

ಹೊಸಬರನ್ನು ಅನುಭವಿ ಸುಬೇದಾರರೊಬ್ಬರ ಪಕ್ಕ ಕೂರಿಸಿ, ಹಳೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ತಪ್ಪು ಹುಡುಕಿಸಿದರೆ, ಒಂದೇ ಮಧ್ಯಾಹ್ನದಲ್ಲಿ ಬಹಳಷ್ಟು ಕಲಿಯುತ್ತಾರೆ.