ಅಣಬೆ ಕ್ಯಾಪ್ಸೂಲ್ ಮತ್ತು ಪುರುಷ ದೌರ್ಬಲ್ಯ

ದಾಂಪತ್ಯ ಸುಖಕ್ಕೆಂದು ಮಾರುವ ಅಣಬೆ ಕ್ಯಾಪ್ಸೂಲ್‌ಗಳ ಬಗ್ಗೆ ಗಂಡಸರಷ್ಟೇ ಅಲ್ಲ, ಅವರ ಮನೆಯವರೂ ದನಿ ತಗ್ಗಿಸಿ ಕೇಳುತ್ತಾರೆ. ಹೆಚ್ಚಾಗಿ ಕೇಳುವುದು ಕಾರ್ಡಿಸೆಪ್ಸ್ ಬಗ್ಗೆ. ಉತ್ತರಾಖಂಡದಲ್ಲಿ ಇದಕ್ಕೆ ಕೀಡಾ ಜಡಿ ಎನ್ನುತ್ತಾರೆ.

ಹಿಮಾಲಯದಲ್ಲಿ ಸುಮಾರು 3500 ಮೀಟರಿಗಿಂತ ಎತ್ತರದ ಹುಲ್ಲುಗಾವಲುಗಳಲ್ಲಿ, ಮಣ್ಣಿನೊಳಗಿರುವ ಒಂದು ಪತಂಗದ ಮರಿಹುಳುವಿಗೆ ಈ ಶಿಲೀಂಧ್ರ ಹತ್ತುತ್ತದೆ. ಹುಳು ಸತ್ತ ಮೇಲೆ ಅದರ ತಲೆಯಿಂದ ಕಡ್ಡಿಯಂತೆ ಮೇಲೇಳುತ್ತದೆ. ಒಂದು ಕಿಲೋ ಲಕ್ಷಗಟ್ಟಲೆ ಬೆಲೆ ಬಾಳುವ ಈ ವಸ್ತು ಕೆಲವು ನೂರು ರೂಪಾಯಿಯ ಡಬ್ಬಿಯಲ್ಲಿ ಎಲ್ಲಿಂದ ಬರಬೇಕು? ಅದರಲ್ಲಿರುವುದು ಹೆಚ್ಚಾಗಿ ಧಾನ್ಯದ ಮೇಲೆ ಬೆಳೆಸಿದ ಅದರ ದಾಯಾದಿ, ಕಾರ್ಡಿಸೆಪ್ಸ್ ಮಿಲಿಟಾರಿಸ್.

ಗುಣವಿದೆಯೇ? ಇಲಿಗಳ ಮೇಲೆ ಪ್ರಯೋಗಗಳಾಗಿವೆ. ಮನುಷ್ಯರಲ್ಲಿ ನಂಬಬಹುದಾದ ಪುರಾವೆ ತೀರಾ ಕಡಿಮೆ. ರೀಶಿ ಅಣಬೆಯದಂತೂ ತಮಾಷೆಯೇ: ಟೆಸ್ಟೋಸ್ಟೆರಾನನ್ನು ಇನ್ನಷ್ಟು ಪ್ರಬಲ ರೂಪಕ್ಕೆ ತಿರುಗಿಸುವ ಕಿಣ್ವವನ್ನೇ ಅದು ಪ್ರಯೋಗಾಲಯದಲ್ಲಿ ತಡೆಯುತ್ತದೆ! ನಮ್ಮ ಯುನಾನಿಯಲ್ಲೂ ಗಾರೀಖೂನ್ ಎಂಬ ಮರದ ಅಣಬೆ ಇದೆ. ಅದರ ಮುಖ್ಯ ಬಳಕೆ ಬಲ್ಗಮ್ ಅಂದರೆ ಕಫ ಹೊರಹಾಕಲು, ಕುವ್ವತೆ ಬಾಹ್‌ಗೆ ಅಲ್ಲ.

"ಒಂದು ಗಂಟೆಯಲ್ಲಿ ಫಲ" ಎಂದು ಬರೆದಿದ್ದರೆ ಇನ್ನೂ ಅನುಮಾನಪಡಿ. ಅಣಬೆಗೆ ಆ ವೇಗವಿಲ್ಲ. ಗಿಡಮೂಲಿಕೆ ಹೆಸರಿನ ಇಂಥ ಅನೇಕ ಉತ್ಪನ್ನಗಳಲ್ಲಿ ವಯಾಗ್ರದ ಔಷಧವಾದ ಸಿಲ್ಡೆನಾಫಿಲ್ ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಎದೆನೋವಿಗೆ ಸಾರ್ಬಿಟ್ರೇಟ್ ಬಳಸುವವರ ಹೊಟ್ಟೆಗೆ ಇದು ಹೋದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಶುದ್ಧ ಅಣಬೆಯನ್ನೂ ವೈದ್ಯರನ್ನು ಕೇಳದೆ ಸೇವಿಸಬಾರದು.

ನನ್ನ ಚಿಂತೆ ಹಣದ್ದಲ್ಲ, ಕಳೆದುಹೋಗುವ ಕಾಲದ್ದು. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಪೂರ. ಕೊಬ್ಬು ಕಟ್ಟಿಕೊಳ್ಳತೊಡಗಿದರೆ ತೊಂದರೆ ಮೊದಲು ಕಾಣುವುದು ಅಲ್ಲಿ; ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಗೊತ್ತಿಲ್ಲದೆ ಬೆಳೆಯುತ್ತಿರುವ ಸಕ್ಕರೆ ಕಾಯಿಲೆಯೂ ಹೀಗೇ ಮುಖ ತೋರಿಸುವುದುಂಟು. ಆರು ತಿಂಗಳು ಕ್ಯಾಪ್ಸೂಲ್ ನುಂಗುತ್ತಾ ಕಾದರೆ ಆ ಮುನ್ಸೂಚನೆ ವ್ಯರ್ಥ.

ಆದ್ದರಿಂದ ಮೊದಲು ರಕ್ತದೊತ್ತಡ, ಕೊಲೆಸ್ಟರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ, ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿ. ಬೀಡಿ ಸಿಗರೇಟು ಇದ್ದರೆ ಮುಚ್ಚಿಡಬೇಡಿ. ಬಿಪಿ ಮಾತ್ರೆಯಿಂದಲೂ ಹೀಗಾಗಬಹುದು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ, ಬೇರೆ ಮಾತ್ರೆಗೆ ಬದಲಿಸಲು ವೈದ್ಯರಿಗೆ ದಾರಿಯಿದೆ. ಡಬ್ಬಿಯನ್ನು ಈಗಾಗಲೇ ಕೊಂಡಿದ್ದರೆ, ನಾಚದೆ ಅದನ್ನೂ ಜೊತೆಗೆ ತನ್ನಿ.